ಶೇಂಗಾ ಸೀಮೆಯ ಹಿತ್ತಲಿಗೆ 20 ಕೋಳಿಮರಿ

ಮಳೆ ಕೈಕೊಟ್ಟ ವರ್ಷ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಶೇಂಗಾ ಬೆಳೆ ಬಿತ್ತನೆ ಬೀಜದ ಖರ್ಚನ್ನೂ ತುಂಬಿಕೊಡುವುದಿಲ್ಲ. ಅಂಥ ವರ್ಷವೂ ಹಿತ್ತಲಲ್ಲಿ ಹತ್ತು ಹೇಂಟೆ ಇದ್ದ ಮನೆಯಲ್ಲಿ ಮಕ್ಕಳಿಗೆ ಮೊಟ್ಟೆ, ಸಂತೆ ದಿನ ಕೈಗೊಂದಿಷ್ಟು ಕಾಸು ಇರುತ್ತದೆ. ತಂದ ಮರಿಗಳಲ್ಲಿ ಸಾಯುವಂಥವು ಬಹುಪಾಲು ಮೊದಲ ಎಂಟು ವಾರದಲ್ಲೇ ಸಾಯುತ್ತವೆ. ಹಾಗಾಗಿ ಇಲ್ಲಿನ ಹೆಚ್ಚಿನ ಮಾತು ಆ ಎಂಟು ವಾರದ್ದೇ.

ಮೊದಲು ಊರಿನ ಮಾತು. ಇಲ್ಲಿನ ಮ್ಯಾಸ ನಾಯಕ ಸಮುದಾಯದವರು ಕೋಳಿ ತಿನ್ನುವುದಿಲ್ಲ, ಹಟ್ಟಿಯೊಳಗೆ ಸಾಕುವುದೂ ಇಲ್ಲ. ಅದು ತಲೆಮಾರುಗಳಿಂದ ಬಂದ ಕಟ್ಟುಪಾಡು. ನಿಮ್ಮ ಮನೆ ಅಂಥ ಹಟ್ಟಿಯ ಪಕ್ಕದಲ್ಲಿದ್ದರೆ ಹಿರಿಯರೊಂದಿಗೆ ಮಾತಾಡಿ, ಹಿತ್ತಲಿಗೆ ಭದ್ರವಾದ ಬೇಲಿ ಹಾಕಿದ ಮೇಲೆಯೇ ಮರಿ ತನ್ನಿ.

ಯಾವ ತಳಿ, ಯಾವ ತಿಂಗಳು

ನಾಟಿ ಹೇಂಟೆ ವರ್ಷಕ್ಕೆ 60ರಿಂದ 80 ಮೊಟ್ಟೆ ಇಡುತ್ತದೆ, ಕಾವಿಗೂ ಕೂರುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ 130ರಿಂದ 150 ಮೊಟ್ಟೆ ಕೊಡುತ್ತದೆ, ಸ್ವರ್ಣಧಾರ ಇನ್ನೂ ಹೆಚ್ಚು. ಆದರೆ ಗಿರಿರಾಜ ಕಾವಿಗೆ ಕೂರುವುದು ಅಪರೂಪ. ಎರಡೂ ಬಗೆ ಒಟ್ಟಿಗಿರಲಿ ಎಂಬುದು ನನ್ನ ಸಲಹೆ. 20 ಮರಿ ತಂದರೆ ಅರ್ಧದಷ್ಟು ಹುಂಜಗಳೇ ಇರುತ್ತವೆ ಎಂದು ಲೆಕ್ಕ ಹಾಕಿಕೊಳ್ಳಿ.

ಏಪ್ರಿಲ್, ಮೇ ತಿಂಗಳಲ್ಲಿ ಮರಿ ತರುವುದು ಬೇಡ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ತಂದರೆ ಬೇಸಿಗೆ ಬರುವಷ್ಟರಲ್ಲಿ ಪುಕ್ಕ ಬಲಿತು ಗಟ್ಟಿಯಾಗಿರುತ್ತವೆ.

ಮೊದಲ ಎಂಟು ವಾರ

ಮರಿ ಬರುವ ಹಿಂದಿನ ದಿನವೇ ಜಾಗ ಸಿದ್ಧವಾಗಿರಬೇಕು. ಒಂದೂವರೆ ಅಡಿ ಎತ್ತರದ ರಟ್ಟು ಅಥವಾ ತಗಡನ್ನು ಮೂರಡಿ ಅಗಲದ ದುಂಡಗಿನ ಕಟ್ಟೆಯಾಗಿ ನಿಲ್ಲಿಸಿ, ವಾರ ವಾರಕ್ಕೂ ಹಿಗ್ಗಿಸುತ್ತ ಹೋಗಿ. ಮೂಲೆ ಇರಬಾರದು. ಇದ್ದರೆ ಚಳಿಗೆ ಮರಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಮೇಲೆ ಹಳೇ ಕಾಲದ 60 ವ್ಯಾಟ್ ತಂತಿ ಬಲ್ಬು ತೂಗುಹಾಕಿ. ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆಯೇ ಹೊರತು ಮರಿಗೆ ಬೇಕಾದ ಕಾವು ಬರುವುದಿಲ್ಲ. ಮೊದಲ ವಾರ ಸುಮಾರು 35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಉಷ್ಣಮಾಪಕ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನಡಿ ಗುಂಪುಗಟ್ಟಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ, ಎಲ್ಲೆಡೆ ಹರಡಿ ಓಡಾಡುತ್ತಿದ್ದರೆ ಸರಿಯಾಗಿದೆ. ಕರೆಂಟು ಹೋದಾಗ ಹೊಗೆಯಾಡದ ಕೆಂಡದ ಮಡಿಕೆಯನ್ನು ಮರಿಗಳಿಗೆ ತಾಗದಂತೆ ಇಡಬಹುದು, ಗಾಳಿ ಆಡುವಂತಿರಲಿ.

ನೆಲಕ್ಕೆ ಎರಡು ಅಂಗುಲ ಶೇಂಗಾ ಸಿಪ್ಪೆ ಹಾಸಿ. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಅದಕ್ಕೆ ಬರವಿಲ್ಲ. ಆದರೆ ಸಿಪ್ಪೆ ಗರಿಗರಿಯಾಗಿ ಒಣಗಿರಬೇಕು. ಬೂಷ್ಟು ಹಿಡಿದದ್ದಾದರೆ ಮರಿಗಳ ಶ್ವಾಸಕೋಶಕ್ಕೆ ಶಿಲೀಂಧ್ರ ಸೇರುತ್ತದೆ. ಮೇವಿಗೆ ಹಾಕುವ ಶೇಂಗಾ ಹಿಂಡಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಬಂದಿದ್ದ ಬೂಷ್ಟು ಹಿಡಿದ ಶೇಂಗಾ ಹಿಂಡಿ. ಅಫ್ಲಾಟಾಕ್ಸಿನ್ ಎಂಬ ವಿಷ ಜಗತ್ತಿಗೆ ಗೊತ್ತಾದದ್ದು ಆ ಹುಡುಕಾಟದಿಂದಲೇ. ಅದು ಕೋಳಿಯ ಯಕೃತ್ತನ್ನು ಹಾಳುಮಾಡುತ್ತದೆ, ಕುದಿಸಿದರೂ ಹೋಗುವುದಿಲ್ಲ. ಮಳೆಯಲ್ಲಿ ನೆನೆದ ಕಾಯಿ, ಕಮಟು ವಾಸನೆಯ ಹಿಂಡಿ ತಿಪ್ಪೆಗೂ ಬೇಡ, ಕೋಳಿ ಅಲ್ಲೂ ಕೆದಕುತ್ತದೆ. ಹೂತುಬಿಡಿ. ಬಿತ್ತನೆಗೆಂದು ಔಷಧ ಲೇಪಿಸಿ ಉಳಿದ ಬೀಜವೂ ಹಿತ್ತಲಿಗೆ ಬೀಳಬಾರದು.

ಮರಿ ಬಂದೊಡನೆ ಬೆಲ್ಲದ ನೀರು ಕುಡಿಸಿ. ಸಿಪ್ಪೆಯ ಮೇಲೆ ಕಾಗದ ಹಾಸಿ ಮೆಕ್ಕೆಜೋಳದ ನುಚ್ಚು ಚೆಲ್ಲಿ, ಎರಡನೇ ದಿನದಿಂದ ಮರಿ ಆಹಾರ ಕೊಡಿ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿದರೆ ಮರಿ ಮುಳುಗುವುದಿಲ್ಲ. ಒದ್ದೆಯಾದ ಸಿಪ್ಪೆಯನ್ನು ಅಂದಂದೇ ತೆಗೆಯಿರಿ. ಮೂರನೇ ವಾರದ ಆಚೆ ಕಾಣುವ ರಕ್ತಭೇದಿಗೆ ಆ ತೇವವೇ ಮೂಲ.

ಲಸಿಕೆ

ಕೊಕ್ಕರೆ ರೋಗ ಬಂದರೆ ಔಷಧವಿಲ್ಲ, ಗೂಡಿಗೆ ಗೂಡೇ ಖಾಲಿ. 5ರಿಂದ 7ನೇ ದಿನದೊಳಗೆ ಅದರ ಲಸಿಕೆ ಲಸೋಟಾ ಒಂದು ಹನಿ ಕಣ್ಣಿಗೆ, 14ನೇ ದಿನದ ಹೊತ್ತಿಗೆ ಗಂಬೋರೊ ರೋಗದ ಲಸಿಕೆ, 4ನೇ ವಾರ ಮತ್ತೆ ಲಸೋಟಾ, 8ನೇ ವಾರ ಕೊಕ್ಕರೆ ರೋಗಕ್ಕೇ ಆರ್‌2ಬಿ ಚುಚ್ಚುಮದ್ದು. ಮಾರೆಕ್ಸ್ ರೋಗದ ಲಸಿಕೆ ಹಾಕಿದ್ದಾರೆಯೇ ಎಂದು ಮರಿ ಕೊಡುವವರನ್ನೇ ಕೇಳಿ. ಸೀಸೆಯಲ್ಲಿರುವುದು 100 ಡೋಸ್ ಅಥವಾ ಅದಕ್ಕೂ ಹೆಚ್ಚು, ನಿಮ್ಮಲ್ಲಿರುವುದು 20 ಮರಿ. ಕಲಸಿದ ಲಸಿಕೆ ಒಂದೆರಡು ಗಂಟೆ ಮಾತ್ರ ಬಾಳುವುದರಿಂದ ಓಣಿಯ ನಾಲ್ಕೈದು ಮನೆಯವರು ಒಂದೇ ದಿನ ಮರಿ ತಂದು ಒಂದೇ ಸಂಜೆ ಹಾಕಿಸುವುದು ಒಳ್ಳೆಯದು. ಪಶು ಆಸ್ಪತ್ರೆಯಿಂದ ಮನೆವರೆಗೆ ಐಸ್ ಇಟ್ಟ ಥರ್ಮಾಸ್‌ನಲ್ಲೇ ತನ್ನಿ.

ಹೊರಗೆ ಬಿಟ್ಟ ಮೇಲೆ

ಎಂಟು ವಾರ ತುಂಬಿದ ಮೇಲೆ ಹಗಲು ಬಿಡಿ, ಸಂಜೆ ಗೂಡಿಗೆ ಸೇರಿಸಿ. ಪ್ರತಿ ಕೋಳಿಗೆ ಎರಡು ಚದರ ಅಡಿ ಜಾಗ ಬೇಕು. ಮುಂಗುಸಿ, ಕಾಡುಬೆಕ್ಕು ನುಸುಳದಂತೆ ಅರ್ಧ ಅಂಗುಲದ ಜಾಲರಿ ಬಿಗಿಯಿರಿ. ಮೇವಿಗೆ ಸಜ್ಜೆ, ನವಣೆ ನುಚ್ಚು, ನುಗ್ಗೆ ಸೊಪ್ಪು ಆಗುತ್ತದೆ. ಹಳೇ ಮಡಿಕೆಗೆ ಒಣ ಸಗಣಿ, ಹುಲ್ಲು, ಗೋಣಿ ಚೂರು ತುಂಬಿ, ನೀರು ಚಿಮುಕಿಸಿ ಗೆದ್ದಲಿರುವ ಕಡೆ ಬೋರಲು ಹಾಕಿದರೆ ಬೆಳಗ್ಗೆಗೆ ಗೆದ್ದಲು ಸೇರಿರುತ್ತದೆ. ಬೆಳೆಯುವ ಕೋಳಿಗೆ ಅದಕ್ಕಿಂತ ಒಳ್ಳೆಯ ತಿನಿಸಿಲ್ಲ.

ಬೇಸಿಗೆಯಲ್ಲಿ ತಗಡಿನ ಗೂಡಿನ ಮೇಲೆ ಜೋಳದ ದಂಟು ಹೊದಿಸಿ, ಮೇವನ್ನು ನಸುಕಿನಲ್ಲಿ ಮತ್ತು ಸಂಜೆ ಹಾಕಿ. ಮಣ್ಣಿನ ಬಾನಿಯ ನೀರು ಬೇವಿನ ನೆರಳಲ್ಲಿರಲಿ, ಮಧ್ಯಾಹ್ನ ಬದಲಾಯಿಸಿ.

ಆರನೇ ತಿಂಗಳ ಸುಮಾರಿಗೆ ಮೊಟ್ಟೆ ಶುರುವಾಗುತ್ತದೆ. ಆಗ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿಡಿ, ಕತ್ತಲ ಮೂಲೆಯಲ್ಲಿ ಹುಲ್ಲು ಹಾಸಿದ ಬುಟ್ಟಿ ಇರಲಿ. ಮರಿ ಬೇಕೆನಿಸಿದರೆ ಕಾವಿಗೆ ಬಂದ ನಾಟಿ ಹೇಂಟೆಯ ಅಡಿ 10ರಿಂದ 12 ಮೊಟ್ಟೆ ಇಡಿ, 21 ದಿನಕ್ಕೆ ಒಡೆಯುತ್ತವೆ. ಗಿರಿರಾಜನ ಮೊಟ್ಟೆಯಿಂದ ಮನೆಯಲ್ಲೇ ಮರಿ ಮಾಡಿಸಿದರೆ ತಾಯಿಯಷ್ಟು ಮೊಟ್ಟೆ ಬರುವುದಿಲ್ಲ. ಆ ತಳಿಯ ಮರಿಯನ್ನು ಪ್ರತಿ ಸಲವೂ ಮರಿ ಕೇಂದ್ರದಿಂದಲೇ ತನ್ನಿ.