ಕರ್ಣನ ಕವಚ ನಿಮ್ಮ ಮನೆಯಲ್ಲೂ ಇದೆ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ, ಎಲ್ಲೇ ಇರಲಿ, ‘ಕರ್ಣಭೇದನ’ ತಾಳಮದ್ದಳೆ ಎಂದರೆ ನೀವು ಹೋಗಿ ಕೂರುತ್ತೀರಿ. ಕರ್ಣನ ಅರ್ಥ ಕೇಳಿ ಕಣ್ಣೊರೆಸಿಕೊಳ್ಳುತ್ತೀರಿ. ಮನೆಗೆ ಬಂದೊಡನೆ, ಊರಿನಿಂದ ಬಂದು ನಿಮ್ಮಲ್ಲೇ ಉಳಿದ ತಂದೆಯಿಲ್ಲದ ಹುಡುಗನಿಗೆ “ಎಷ್ಟು ಸೊಕ್ಕು ನಿನಗೆ!” ಎನ್ನುತ್ತೀರಿ. ಇದು ಸರಿಯಲ್ಲ. ಸ್ವಲ್ಪ ಕೂತು ಕೇಳಿ.

ಕರ್ಣನಿಗೆ ಸಾಕಿದ ಸಾರಥಿ ದಂಪತಿ ರಾಧೆ, ಅಧಿರಥರ ಪ್ರೀತಿ ಕಡಿಮೆಯಾಗಿರಲಿಲ್ಲ. ಪೆಟ್ಟು ಬಿದ್ದದ್ದು ಹೊರಗೆ. ತುಂಬಿದ ರಂಗದಲ್ಲಿ ಕೃಪಾಚಾರ್ಯರು ಕುಲ ಕೇಳಿದರು. ಭೀಮ “ಬಿಲ್ಲು ನಿನಗಲ್ಲ, ಚಾವಟಿ ಹಿಡಿ” ಎಂದು ಹಂಗಿಸಿದ. ಹಾಲಿನಿಂದ ಬಾಯಿ ಸುಟ್ಟುಕೊಂಡವ ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಅಲ್ಲಿಂದಾಚೆ ಕರ್ಣನಿಗೆ ಹಿರಿಯರ ಪ್ರತಿ ಮಾತೂ ಕುಟುಕೇ. ಭೀಷ್ಮರು ಅರ್ಧರಥನೆಂದರು, ಅವರಿರುವ ತನಕ ಯುದ್ಧಕ್ಕೇ ಬರುವುದಿಲ್ಲವೆಂದು ಹಟ ಹಿಡಿದ. ಪರಶುರಾಮರ ತಲೆ ತೊಡೆಯ ಮೇಲಿದ್ದಾಗ ಹುಳು ಕೊರೆದರೂ ಕಮಕ್ ಕಿಮಕ್ ಎನ್ನಲಿಲ್ಲ. ನೋವು ನುಂಗುವುದು ಅಷ್ಟು ರೂಢಿಯಾಗಿತ್ತು. ಆ ಹಟ, ಆ ಮೌನವೇ ಅವನ ಮನಸ್ಸಿನ ಕವಚ.

ನಿಮ್ಮ ಹುಡುಗನ ಎದುರುತ್ತರ, ಬಡಾಯಿ, ಮೌನ, ಎಲ್ಲವೂ ಇಂಥ ಕವಚವೇ. ಹಾಗಾಗಿ ಕೆಲವು ಮಾತು ನೆನಪಿಡಿ.

ನಾಲ್ಕು ಜನರೆದುರು ಅವನ ಹಿಂದಿನ ಕಥೆ ಎತ್ತಬೇಡಿ. ಸೊಸೈಟಿಯ ಪೂಜೆಯಲ್ಲಿ “ಪಾಪ, ಅಪ್ಪ ಇಲ್ಲ” ಎಂದು ಪರಿಚಯಿಸುವುದು ಕನಿಕರವಲ್ಲ, ಗಾಯದ ಮೇಲೆ ಬರೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಲೋಕಲ್‌ನಲ್ಲಿ ಒಂದು ಗಂಟೆ ನಿಂತು ಬಂದ ಸಿಟ್ಟನ್ನು ಅವನ ಮೇಲೆ ಇಳಿಸಬೇಡಿ. ಕೈಕಾಲು ತೊಳೆದು, ಚಹಾ ಕುಡಿದು, ಆಮೇಲೆ ಮಾತಾಡಿ.

“ನಿನಗೆ ಅನ್ನ ಹಾಕಿದ್ದೇವೆ” ಎಂದು ಎಂದಿಗೂ ಲೆಕ್ಕ ಹೇಳಬೇಡಿ. ಅವಮಾನದ ಗಳಿಗೆಯಲ್ಲಿ ದುರ್ಯೋಧನ ಅಂಗರಾಜ್ಯ ಕೊಟ್ಟ. ಆ ಋಣದಲ್ಲಿ ಕರ್ಣ ಕಡೆತನಕ ಕಟ್ಟಿಬಿದ್ದ. ಮನೆಯಲ್ಲಿ ಮಾನ ಸಿಗದ ಹುಡುಗ ಸ್ಟೇಷನ್ ಹೊರಗೆ ಹೆಗಲಿಗೆ ಕೈ ಹಾಕಿದವನ ಹಿಂದೆ ಹೋಗುತ್ತಾನೆ.

ಒನ್ ರೂಮ್ ಕಿಚನ್ ಮನೆಯಲ್ಲಿ ಅಳುವುದಕ್ಕೂ ಮೂಲೆ ಇಲ್ಲ. ದಿನಕ್ಕೆ ಅರ್ಧ ಗಂಟೆ ಅವನನ್ನು ಅವನ ಪಾಡಿಗೆ ಬಿಡಿ. ಅವನಿಗೆ ಮರಾಠಿ ಓದಲು ಬಂದರೆ ಆ ಹೊತ್ತಿಗೆ ಶಿವಾಜಿ ಸಾವಂತರ 1967ರ ಕಾದಂಬರಿ ‘ಮೃತ್ಯುಂಜಯ’ ತಂದುಕೊಡಿ. ಅದರಲ್ಲಿ ಕರ್ಣ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ತನ್ನ ನೋವಿಗೂ ಮಾತು ಸಿಗುತ್ತದೆಂದು ಹುಡುಗನಿಗೆ ಗೊತ್ತಾಗಲಿ.

ಹಾಗೆಂದು ತಪ್ಪನ್ನು ಮುಚ್ಚಿಹಾಕಬೇಡಿ. ಕ್ರಿ.ಶ. 941ರ ಸುಮಾರಿನಲ್ಲಿ ಪಂಪ ಅರ್ಜುನನನ್ನು ನಾಯಕನನ್ನಾಗಿಸಿ ಕಾವ್ಯ ಬರೆದರೂ ಕರ್ಣನ ಮೇಲೆ ಅಕ್ಕರೆ ಸುರಿಸಿದ. ಆ ಅಕ್ಕರೆ ನಿಮಗೂ ಇರಲಿ. ಆದರೆ ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಹೀನಾಯವಾಗಿ ಜರೆದವನೂ ಕರ್ಣನೇ. ತಾನು ಉಂಡ ಅವಮಾನವನ್ನೇ ಇನ್ನೊಬ್ಬರಿಗೆ ಬಡಿಸಿದ. ಬಾಲ್ಯದ ನೋವು ಕಾರಣವಾದೀತು, ಪರವಾನಗಿಯಲ್ಲ. ಇದನ್ನು ಹುಡುಗನಿಗೆ ಒಬ್ಬನೇ ಇದ್ದಾಗ, ದನಿ ಏರಿಸದೆ ಹೇಳಿ.

ಹೆತ್ತ ತಾಯಿ ಕುಂತಿ “ಮಗನೇ” ಎಂದು ಬಂದದ್ದು ಯುದ್ಧದ ಹೊಸ್ತಿಲಲ್ಲಿ. ಅಷ್ಟು ಹೊತ್ತಿಗೆ ಕರ್ಣನಿಂದ ಹಿಂದಿರುಗಲಾಗಲಿಲ್ಲ. ನೀವು ಅಷ್ಟು ತಡಮಾಡಬೇಡಿ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮೊದಲ ತುತ್ತು ಅವನ ತಟ್ಟೆಗೇ ಬೀಳಲಿ.