ಕಾಲೇಜು ವಿದ್ಯೆಯೂ ಕಾಯಕದೃಷ್ಟಿಯೂ

ಮಕ್ಕಳನ್ನು ಕಾಲೇಜಿಗೆ ಕಳುಹಿಸಬೇಕೆ, ಬೇಡವೆ ಎಂಬ ಪ್ರಶ್ನೆ ಅನೇಕ ಗೃಹಸ್ಥರ ಮನಸ್ಸನ್ನು ಕಲಕುತ್ತಿದೆ. ಓದಿನ ವೆಚ್ಚ ಏರಿದೆ. ಪದವಿ ದೊರೆತರೂ ಉದ್ಯೋಗ ದೊರೆಯುವ ಭರವಸೆಯಿಲ್ಲ. ಸುಳ್ಯದ ಕಡೆ ಹಳದಿ ಎಲೆ ರೋಗ ತಗುಲಿದ ಅಡಿಕೆ ತೋಟವನ್ನೇ ನಂಬಿದ ಸಂಸಾರಕ್ಕಂತೂ ಇದು ಅನ್ನದ ಪ್ರಶ್ನೆಯೇ ಆಗಿದೆ. ಮಗನ ಓದಿಗಾಗಿ ತೋಟವನ್ನು ಅಡವಿಡಬೇಕೆ? ಅವನಿಗಾಗಿ ಮಗಳ ಓದನ್ನು ನಿಲ್ಲಿಸಬೇಕೆ? ಶರಣತತ್ತ್ವದ ಬೆಳಕಿನಲ್ಲಿ ಇದನ್ನು ವಿಚಾರಿಸುವುದು ಉಚಿತವಾಗಿದೆ.

ಶರಣರು ವಿದ್ಯೆಯನ್ನು ಹಳಿದವರಲ್ಲ. ವಿದ್ಯೆಯ ಅಹಂಕಾರವನ್ನು ಹಳಿದವರು. ಬಸವಣ್ಣನವರು ಕೂಡಲಸಂಗಮದಲ್ಲಿ ವಿದ್ಯಾರ್ಜನೆ ಮಾಡಿದರು. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತರು. ಆದರೆ ಅನುಭವ ಮಂಟಪದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನಿಗೂ, ಹಗ್ಗ ಹೊಸೆಯುವ ನುಲಿಯ ಚಂದಯ್ಯನಿಗೂ ಸಮಾನ ಗೌರವವಿತ್ತು. ಅಲ್ಲಿ ಯಾರೂ ಓದಿನ ಪ್ರಮಾಣವನ್ನು ಕೇಳಲಿಲ್ಲ. ಅರಿವು ಕಾಯಕವಾಯಿತೆ, ಕಾಯಕದ ಫಲ ದಾಸೋಹವಾಯಿತೆ ಎಂಬುದೇ ಅವರ ಅಳತೆಗೋಲಾಗಿತ್ತು.

ಈ ಅಳತೆಗೋಲಿಗೆ ಪುತ್ತೂರು, ಸುಳ್ಯಗಳೇ ಎರಡು ನಿದರ್ಶನಗಳನ್ನು ಒದಗಿಸಿವೆ. ಪುತ್ತೂರಿನಲ್ಲಿ ಬಹುಕಾಲ ಬಾಳಿದ ಡಾ. ಶಿವರಾಮ ಕಾರಂತರು ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದವರು. ಕಲಿಯುವುದನ್ನು ಮಾತ್ರ ಅವರು ಜೀವಮಾನವಿಡೀ ತೊರೆಯಲಿಲ್ಲ. ಕಾದಂಬರಿ, ಯಕ್ಷಗಾನ, ವಿಜ್ಞಾನ, ಮಕ್ಕಳ ಶಿಕ್ಷಣಗಳಲ್ಲಿ ದುಡಿದರು. 1977ರಲ್ಲಿ ಜ್ಞಾನಪೀಠ ಪ್ರಶಸ್ತಿ ಅವರನ್ನು ಅರಸಿ ಬಂದಿತು. ಸುಳ್ಯದ ಗಿರೀಶ ಭಾರದ್ವಾಜರದು ಇನ್ನೊಂದು ಹಾದಿ. ಅವರು ಮಂಡ್ಯದಲ್ಲಿ ಇಂಜಿನಿಯರಿಂಗ್ ಪದವಿ ಪಡೆದು ಊರಿಗೆ ಮರಳಿ ಕಾರ್ಯಾಗಾರ ನಡೆಸಿದರು. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದರು. ಮುಂದೆ ಅಂಥ ನೂರಕ್ಕೂ ಹೆಚ್ಚು ಸೇತುವೆಗಳನ್ನು ಹಳ್ಳಿಗರಿಗಾಗಿ ನಿರ್ಮಿಸಿದರು. 2017ರಲ್ಲಿ ಪದ್ಮಶ್ರೀ ಗೌರವ ಸಂದಿತು. ಜನರನ್ನು ಹೊಳೆ ದಾಟಿಸುವುದು ಚೌಡಯ್ಯನ ಕಾಯಕ. ಇಲ್ಲಿ ಕಾಲೇಜು ವಿದ್ಯೆ ಅದೇ ಕಾಯಕವನ್ನು ಮುಂದುವರಿಸಿತು.

ಒಬ್ಬರು ಕಾಲೇಜನ್ನು ಬಿಟ್ಟರು, ಇನ್ನೊಬ್ಬರು ಮುಗಿಸಿದರು. ಇಬ್ಬರ ಅರಿವೂ ಲೋಕಕ್ಕೆ ಸಂದಿತು. ಆದುದರಿಂದ ಕಾಲೇಜು ಒಂದು ಹಾದಿಯೇ ಹೊರತು ಗುರಿಯಲ್ಲ. ಆದರೆ ಕಾರಂತರ ಹೆಸರು ಹೇಳಿ ಮಕ್ಕಳ ಓದನ್ನು ತಡೆಯುವುದು ಸಲ್ಲದು. ಗುರುವಿಲ್ಲದೆ ಗ್ರಂಥಗಳಿಂದಲೇ ಅಷ್ಟನ್ನು ಸಾಧಿಸುವ ಛಲ ವಿರಳ. ವೈದ್ಯ, ಇಂಜಿನಿಯರ್, ಅಧ್ಯಾಪಕ ಮೊದಲಾದ ಕಾಯಕಗಳಿಗೆ ಕಾಲೇಜಿಲ್ಲದೆ ಪ್ರವೇಶವೇ ಇಲ್ಲ.

ಹಿಂದೆ ಈ ಸೀಮೆಯವರು ಉಚ್ಚ ಶಿಕ್ಷಣಕ್ಕೆ ದೂರದ ಊರಿಗೆ ಹೋಗಬೇಕಾಗಿತ್ತು. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜೂ, 1965ರಲ್ಲಿ ವಿವೇಕಾನಂದ ಕಾಲೇಜೂ ಆರಂಭವಾದವು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರ ಪ್ರಯತ್ನದಿಂದ 1976ರಲ್ಲಿ ನೆಹರು ಸ್ಮಾರಕ ಕಾಲೇಜು ಬಂದಿತು. ಈಗ ಕಡಬ ತಾಲೂಕಿಗೆ ಸೇರಿರುವ ಸುಬ್ರಹ್ಮಣ್ಯದಲ್ಲಿಯೂ ಕಾಲೇಜಿದೆ. ಮನೆಯ ಊಟ ಉಂಡು ಕಲಿಯುವ ಅನುಕೂಲವಿರುವಾಗ, ಕೇವಲ ಪ್ರತಿಷ್ಠೆಗಾಗಿ ದೂರದ ನಗರದ ದುಬಾರಿ ಕಾಲೇಜನ್ನು ಅರಸಿ ಸಾಲ ಮಾಡುವುದು ವಿವೇಕವಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದಳು. ಆಸೆಗೂ ಅಗತ್ಯಕ್ಕೂ ಇರುವ ಈ ಭೇದವನ್ನು ಗೃಹಸ್ಥರು ಮರೆಯಬಾರದು.

ಮಗುವಿನ ಒಲವನ್ನೂ ನೋಡಬೇಕು. ಕೈಕೆಲಸದಲ್ಲಿ ಮನಸ್ಸಿರುವವನು ಐ.ಟಿ.ಐ. ಸೇರಿದರೆ ಅವನು ಕೀಳಾಗುವುದಿಲ್ಲ. ತೋಟವನ್ನು ನೋಡಿಕೊಳ್ಳುವವನಿಗೂ ಇಂದು ವಿಜ್ಞಾನದ ಅರಿವು ಬೇಕು. ಪುತ್ತೂರಿನ ಗೇರು ಸಂಶೋಧನ ಕೇಂದ್ರವೂ, ಕೊಕ್ಕೊ ಬೆಳೆಗಾರರಿಗೆ ಆಧಾರವಾದ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆಯೂ ಇದಕ್ಕೆ ಸಾಕ್ಷಿಯಾಗಿವೆ. ಮಗಳ ವಿಷಯದಲ್ಲಿ ಭೇದವೆಣಿಸುವುದಂತೂ ಅಕ್ಕಮಹಾದೇವಿಗೆ ಅನುಭವ ಮಂಟಪದಲ್ಲಿ ಸ್ಥಾನವಿತ್ತ ಧರ್ಮಕ್ಕೆ ಒಪ್ಪುವುದಿಲ್ಲ. ಮನೆಯಲ್ಲಿ ಒಬ್ಬರನ್ನೇ ಓದಿಸಲು ಸಾಧ್ಯವಾದರೆ, ಯಾರಿಗೆ ಕಲಿಯುವ ಹಂಬಲ ಹೆಚ್ಚೋ ಅವರನ್ನೇ ಓದಿಸುವುದು ನ್ಯಾಯ.

ಉಳ್ಳವರ ಹೊಣೆ ಇನ್ನೂ ದೊಡ್ಡದು. ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿದ್ದು ಶಿಕ್ಷಕರ ತ್ಯಾಗದಿಂದ. ಸಿದ್ಧಗಂಗೆಯಲ್ಲಿ ಬಡಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ದೊರೆತದ್ದು ದಾಸೋಹದಿಂದ. ನೆರೆಮನೆಯ ಬಡ ವಿದ್ಯಾರ್ಥಿಯ ಶುಲ್ಕವನ್ನು ಹೊರುವುದೂ ದಾಸೋಹವೇ. ಅಂಥವರಿದ್ದಲ್ಲಿ ತೋಟವನ್ನು ಅಡವಿಡುವ ಪ್ರಸಂಗವೇ ಬಾರದು; ಹಾಗೆ ಕಲಿತು ಬಂದ ವಿದ್ಯೆ ಊರಿನ ಋಣವನ್ನು ಮರೆಯದು.