ಕೋಳಿಯಿಲ್ಲದ ಕಾವು



ಕೋಳಿಯು ಇಪ್ಪತ್ತೊಂದು ದಿನ ಕಾವು ಕೊಟ್ಟು ಮರಿ ಮಾಡುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲರೂ ಕಂಡಿದ್ದಾರೆ. ನಗರದಲ್ಲಿ ಬೆಳೆಯುತ್ತಿರುವ ನಿಮ್ಮಲ್ಲಿ ಅನೇಕರಾದರೋ ಮೊಟ್ಟೆಯನ್ನು ಅಂಗಡಿಯ ರಟ್ಟಿನ ತಟ್ಟೆಯಲ್ಲಲ್ಲದೆ ಬೇರೆಡೆ ಕಂಡವರಲ್ಲ. ನಾವು ಕಲಬುರಗಿಯ ಸೀಮೆಯಿಂದ ಈ ಊರಿಗೆ ಬಂದವರು. ಅಲ್ಲಿ ಇದಕ್ಕೆ ತತ್ತಿಯೆಂದು ಹೆಸರು. ನಿಮ್ಮ ಪುಸ್ತಕದಲ್ಲಿ ಮೊಟ್ಟೆ. ಶಂಶಾಬಾದಿನಲ್ಲಿ ನಾವು ವಾಸಿಸುವ ಓಣಿಯಲ್ಲಿ ಗುಡ್ಡು. ಹೆಸರು ಯಾವುದಾದರೂ ಅದರೊಳಗಿನ ವ್ಯವಹಾರ ಒಂದೇ. ಅದನ್ನು ಕಣ್ಣಾರೆ ಕಾಣಬೇಕೆಂದು ಹೊರಟು ಒಮ್ಮೆ ಸೋತು, ಇನ್ನೊಮ್ಮೆ ಅರೆಬರೆ ಗೆದ್ದ ವೃತ್ತಾಂತವನ್ನು ಇಲ್ಲಿ ಬರೆಯುತ್ತೇವೆ.

ವಿಜ್ಞಾನದ ಅಧ್ಯಾಪಕರು ರಜೆಯಲ್ಲಿದ್ದ ಒಂದು ದಿನ ಎಂಟನೆಯ ತರಗತಿಯನ್ನು ನಾವು ನೋಡಿಕೊಳ್ಳಬೇಕಾಯಿತು. ಭಾಷಾಪಾಠ ಹೇಳುವ ನಮಗೆ ವಿಜ್ಞಾನದಲ್ಲಿ ಮೆಟ್ರಿಕ್ಯುಲೇಷನ್ನಿನಷ್ಟೇ ಬಂಡವಾಳ. ಹುಡುಗಿಯೊಬ್ಬಳು ಎದ್ದು, "ಗುರುಗಳೇ, ಅಂಗಡಿಯ ಮೊಟ್ಟೆಯನ್ನು ಬೆಚ್ಚಗಿಟ್ಟರೆ ಮರಿಯಾಗುವುದೇ?" ಎಂದು ಕೇಳಿದಳು. ಆಗುವುದಿಲ್ಲ. ಅಂಗಡಿಗೆ ಬರುವ ಮೊಟ್ಟೆಗಳು ಹುಂಜದ ಸಂಗವಿಲ್ಲದೆ ಪಂಜರಗಳಲ್ಲಿ ಸಾಕಿದ ಕೋಳಿಗಳವು. ಅವುಗಳಲ್ಲಿ ಜೀವದ ಬೀಜವೇ ಇರುವುದಿಲ್ಲ. ಇಷ್ಟು ಹೇಳಿದೊಡನೆ ಎರಡನೆಯ ಪ್ರಶ್ನೆ ಬಂದಿತು: "ಹಾಗಾದರೆ ಹಳ್ಳಿಯ ಮೊಟ್ಟೆಯನ್ನು ನಾವೇ ಮರಿ ಮಾಡಿಸಬಹುದೇ? ಪೆಟ್ಟಿಗೆಯಲ್ಲಿ ಹುಟ್ಟಿದ ಕೋಳಿಗೆ ಮುಂದೆ ಕಾವಿಗೆ ಕೂರಲು ಬರುವುದೇ?" ಮೊದಲನೆಯದಕ್ಕೆ ಬರುತ್ತದೆಂದೆವು. ಎರಡನೆಯದಕ್ಕೆ ಆಗ ಉತ್ತರ ತಿಳಿದಿರಲಿಲ್ಲ.

ಕೋಳಿಯ ನೆರವಿಲ್ಲದೆ ಮರಿ ಮಾಡಿಸುವುದು ಹೊಸ ವಿದ್ಯೆಯೇನೂ ಅಲ್ಲ. ಈಜಿಪ್ಟ್ ದೇಶದವರು ಮಣ್ಣಿನ ದೊಡ್ಡ ಗೂಡುಗಳಲ್ಲಿ ಸೆಗಣಿ, ಹುಲ್ಲುಗಳ ಸಣ್ಣ ಉರಿಯಿಟ್ಟು ಸಾವಿರಾರು ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದರು. ಕಾವು ಸಾಕೋ ಬೇಕೋ ಎಂಬುದನ್ನು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ತಿಳಿಯುತ್ತಿದ್ದರಂತೆ. ಫ್ರಾನ್ಸಿನ ರೆಯೋಮ್ಯೂರ್ ಎಂಬ ಪಂಡಿತನು ಈ ವಿದ್ಯೆಯನ್ನು ಉಷ್ಣಮಾಪಕಕ್ಕೆ ಜೋಡಿಸಿ 1749ರಲ್ಲಿ ಗ್ರಂಥ ಬರೆದನು. ಇಷ್ಟು ದೂರ ಹೋಗುವುದೇಕೆ? ಶಂಶಾಬಾದಿನಿಂದ ನಗರಕ್ಕೆ ಬರುವಾಗ ಆರಾಂಘರ್ ಬಳಿ ತಿರುಗಿದರೆ ಸಿಗುವ ರಾಜೇಂದ್ರನಗರದಲ್ಲಿ, 1988ರಲ್ಲಿ ಆರಂಭವಾದ ಕುಕ್ಕುಟ ಸಂಶೋಧನಾ ನಿರ್ದೇಶನಾಲಯವಿದೆ. ಹಿತ್ತಲಿನಲ್ಲಿ ಸಾಕಲು ಯೋಗ್ಯವಾದ ವನರಾಜ, ಗ್ರಾಮಪ್ರಿಯ ಎಂಬ ತಳಿಗಳು ಅಲ್ಲಿಯವು. ನಮ್ಮ ಕನ್ನಡನಾಡಿನ ಗಿರಿರಾಜ ಕೋಳಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಕೊಡುಗೆ.

ನಮ್ಮ ಕಾವುಪೆಟ್ಟಿಗೆಯಾದರೋ ಬಡವರ ಮನೆಯದು. ಔಷಧಿಯಂಗಡಿಯಲ್ಲಿ ಬೇಡಿ ತಂದ ಥರ್ಮಾಕೋಲ್ ಪೆಟ್ಟಿಗೆ, ಇಪ್ಪತ್ತೈದು ವ್ಯಾಟಿನ ಹಳೆಯ ಮಾದರಿಯ ಎರಡು ಬಲ್ಬುಗಳು (ಎಲ್‌ಇಡಿ ಬಲ್ಬಿನಲ್ಲಿ ಬೆಳಕುಂಟು, ಬೇಕಾದಷ್ಟು ಬಿಸಿಯಿಲ್ಲ), ಕಂಪ್ಯೂಟರಿನಿಂದ ಕಳಚಿದ ಚಿಕ್ಕ ಫ್ಯಾನು, ಕಾವು ಏರಿದಾಗ ಬಲ್ಬನ್ನು ಆರಿಸಿ ಇಳಿದಾಗ ಹೊತ್ತಿಸುವ ಥರ್ಮೋಸ್ಟಾಟು, ನೀರಿನ ಬಟ್ಟಲು, ಅದರ ಮೇಲೆ ತಂತಿಯ ಜಾಲರಿ, ಮುಚ್ಚಳದಲ್ಲಿ ಒಂದು ಗಾಜು. ತಂತಿಯ ಜೋಡಣೆಯನ್ನು ಕೆಲಸ ಬಲ್ಲ ಮಿಸ್ತ್ರಿಯಿಂದ ಮಾಡಿಸಿದೆವು. ನೀವೂ ಹಾಗೆಯೇ ಮಾಡಿಸತಕ್ಕದ್ದು. ನೀರೂ ವಿದ್ಯುತ್ತೂ ಒಂದೇ ಪೆಟ್ಟಿಗೆಯಲ್ಲಿರುವಾಗ ಹುಡುಗಾಟ ಸಲ್ಲದು.

2024ರ ಡಿಸೆಂಬರ್ 2ರಂದು ಹನ್ನೆರಡು ನಾಟಿಮೊಟ್ಟೆಗಳನ್ನಿಟ್ಟೆವು. ಫ್ಯಾನು ಇರುವ ಪೆಟ್ಟಿಗೆಯಲ್ಲಿ ಕಾವು 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಾಪಕ ಹಗಲಿರುಳೂ ಅಷ್ಟನ್ನೇ ತೋರಿಸುತ್ತಿತ್ತು. ನಾವು ನಿಶ್ಚಿಂತರಾಗಿ ತರಗತಿಯಲ್ಲಿ ದಿನಗಳನ್ನು ಎಣಿಸಿದೆವು. ಇಪ್ಪತ್ತೊಂದು ಕಳೆಯಿತು, ಇಪ್ಪತ್ಮೂರು ಕಳೆಯಿತು. ಇಪ್ಪತ್ತೈದನೆಯ ದಿನ ಪೆಟ್ಟಿಗೆಯಿಂದ ದುರ್ವಾಸನೆ ಬಂದಿತು. ಒಂದೂ ಮರಿಯಾಗಲಿಲ್ಲ.

ಕಾರಣವನ್ನು ಹುಡುಕಲು ಮನೆಯಲ್ಲಿದ್ದ ಜ್ವರ ನೋಡುವ ಮಾಪಕವನ್ನೂ ಪೆಟ್ಟಿಗೆಯ ಮಾಪಕದ ತುದಿಯನ್ನೂ ಒಂದೇ ಲೋಟದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದೆವು. ಪೆಟ್ಟಿಗೆಯದು 37.5 ಎಂದಿತು, ಜ್ವರಮಾಪಕ 39.6 ಎಂದಿತು. ಎರಡು ಡಿಗ್ರಿಗೂ ಮಿಕ್ಕ ಸುಳ್ಳು! ಮನುಷ್ಯನಿಗೆ ಎರಡು ಡಿಗ್ರಿ ಹೆಚ್ಚಾದರೆ ಜ್ವರ. ಮೊಟ್ಟೆಯೊಳಗಿನ ಜೀವಕ್ಕೆ ದಿನಗಟ್ಟಲೆ ಹಾಗಿದ್ದರೆ ಸಾವು. ಇದನ್ನು ತರಗತಿಯಲ್ಲಿ ತಿಳಿಸಿದಾಗ ಅದೇ ಹುಡುಗಿ, "ಹಾಗಾದರೆ ಗುರುಗಳೇ, ನಾವೇ ಅವನ್ನು ಬೇಯಿಸಿದೆವೇ?" ಎಂದಳು. ಹೌದೆಂದು ಒಪ್ಪಿಕೊಂಡೆವು. ಅಂದು ಮುಂದಿನ ಪಾಠ ಸಾಗಲಿಲ್ಲ.

ಇನ್ನು ಈ ಕೆಲಸ ಸಾಕೆಂದುಕೊಂಡಿದ್ದೆವು. ಆದರೆ ನಮ್ಮ ಓಣಿಯಲ್ಲಿ ಒಬ್ಬ ಮುದುಕಿಯಿದ್ದಾರೆ. ಕೇರಿಯವರೆಲ್ಲ ಅವರನ್ನು ಅವ್ವ ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಅವ್ವನೆಂದರೆ ತಾಯಿ, ಇಲ್ಲಿ ಅಜ್ಜಿ. ಹೊಸ ವರ್ಷದ ಮೊದಲ ವಾರದಲ್ಲಿ ಅವರ ಒಂದೇ ಒಂದು ಹೇಟೆಯನ್ನು ನಾಯಿಗಳು ಕೊಂದವು. ಅದು ಎರಡು ವಾರಗಳಿಂದ ಇಟ್ಟ ಹನ್ನೊಂದು ಮೊಟ್ಟೆಗಳನ್ನು ತೌಡಿನ ಬುಟ್ಟಿಯಲ್ಲಿ ಕಾವಿಗೆಂದು ಕೂಡಿಟ್ಟಿದ್ದರು. ಬುಟ್ಟಿಯನ್ನು ನಮ್ಮ ಹೊಸ್ತಿಲಲ್ಲಿಟ್ಟು, "ನಿಮ್ಮ ಪೆಟ್ಟಿಗೆ ಇದೆಯಲ್ಲ, ಪಂತುಲೂ" ಎಂದರು. ಡಿಸೆಂಬರಿನ ಕಥೆಯನ್ನು ಹೇಳಿದೆವು. ಆದರೂ ಅವರು ಬುಟ್ಟಿಯನ್ನು ಎತ್ತಿಕೊಳ್ಳಲಿಲ್ಲ.

ಇಟ್ಟ ಮೊಟ್ಟೆ ಇಷ್ಟು ದಿನ ಕೆಡದೆ ಹೇಗಿರುತ್ತದೆಂದು ನೀವು ಕೇಳಬಹುದು. ಸುಮಾರು ಇಪ್ಪತ್ತು ಡಿಗ್ರಿಗಿಂತ ತಂಪಾದ ಎಡೆಯಲ್ಲಿ ಅದರೊಳಗಿನ ಬೀಜ ಬೆಳೆಯದೆ ನಿದ್ರಿಸುತ್ತದೆ. ಹಾಗಿದ್ದೂ ಒಂದು ವಾರದೊಳಗೆ ಕಾವಿಗಿಡುವುದು ಮೇಲು. ದಿನ ಕಳೆದಷ್ಟೂ ಎಚ್ಚರಗೊಳ್ಳುವ ಬಲ ಕುಗ್ಗುತ್ತದೆ. ಅವ್ವನ ಮೊಟ್ಟೆಗಳಲ್ಲಿ ಮೊದಲು ಇಟ್ಟವು ಆಗಲೇ ಹಳೆಯವು.

ಈ ಸಲ ಹೊಸ ಮಾಪಕ ತಂದು ಮೊದಲು ಜ್ವರಮಾಪಕದೊಡನೆ ಹೋಲಿಸಿದೆವು. ತೇವಮಾಪಕವನ್ನೂ ಪರೀಕ್ಷಿಸಿದೆವು. ಒಂದು ಮುಚ್ಚಳದಲ್ಲಿ ಉಪ್ಪನ್ನು ನೀರಿನಿಂದ ಒದ್ದೆಮಾಡಿ, ಅದನ್ನೂ ಮಾಪಕವನ್ನೂ ಬಿಗಿಯಾದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ಒಳಗಿನ ತೇವ ನೂರಕ್ಕೆ 75ರಲ್ಲಿ ನಿಲ್ಲುತ್ತದೆ; ಮಾಪಕ ಬೇರೆ ಸಂಖ್ಯೆ ತೋರಿಸಿದರೆ ಅಂತರವನ್ನು ಬರೆದಿಟ್ಟುಕೊಂಡರಾಯಿತು. ಅಡುಗೆಯ ಉಪ್ಪಿನಲ್ಲಿ ಇಂಥ ಗುಣವಿದೆಯೆಂದು ನಾವು ತಿಳಿದದ್ದು ಅಂದೇ.

2025ರ ಜನವರಿ 6ರ ಸಂಜೆ ಮೊಟ್ಟೆಗಳನ್ನಿಟ್ಟೆವು. ಅವನ್ನು ತೊಳೆಯಲಿಲ್ಲ, ತೊಳೆದರೆ ಚಿಪ್ಪಿನ ಸೂಕ್ಷ್ಮರಂಧ್ರಗಳನ್ನು ಕಾಯುವ ತೆಳುಪೊರೆ ಹೋಗುತ್ತದೆ. ಒಂದು ಬದಿಗೆ ಪೆನ್ಸಿಲಿನಿಂದ ಸೊನ್ನೆ, ಇನ್ನೊಂದಕ್ಕೆ ಅಡ್ಡಗೆರೆ ಬರೆದು ದಿನಕ್ಕೆ ಐದು ಸಲ ಹೊರಳಿಸಿದೆವು. ಹೊರಳಿಸದಿದ್ದರೆ ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಳ್ಳುತ್ತದೆ. ಕೋಳಿಯೂ ಕೊಕ್ಕಿನಿಂದ ಇದನ್ನೇ ಮಾಡುತ್ತದೆ. ಐದೆಂಬ ಬೆಸಸಂಖ್ಯೆ ಏಕೆಂದರೆ, ಒಂದೇ ಬದಿಗೆ ಪ್ರತಿ ರಾತ್ರಿಯ ದೀರ್ಘಕಾಲ ಬೀಳಬಾರದು. ನಾವು ಶಾಲೆಯಲ್ಲಿರುವಾಗ ಈ ಕೆಲಸ ಮನೆಯವರದಾಯಿತು. ಅವರು ಇದನ್ನು ಮೆಚ್ಚಿ ಮಾಡಿದರೆಂದು ಬರೆದರೆ ಸುಳ್ಳಾದೀತು, ಆದರೆ ಒಂದು ಸಲವೂ ತಪ್ಪಿಸಲಿಲ್ಲ.

ಏಳನೆಯ ದಿನ ಭೋಗಿ ಹಬ್ಬ. ಕತ್ತಲೆಯ ಕೋಣೆಯಲ್ಲಿ ರಟ್ಟಿನ ರಂಧ್ರಕ್ಕೆ ಮೊಟ್ಟೆಯನ್ನಿಟ್ಟು ಹಿಂದಿನಿಂದ ಟಾರ್ಚು ಹಿಡಿದೆವು. ಹತ್ತಿರದಲ್ಲಿದ್ದ ನಾಲ್ವರು ವಿದ್ಯಾರ್ಥಿಗಳು ತಂದೆತಾಯಿಗಳೊಡನೆ ಬಂದಿದ್ದರು. ಎರಡು ಮೊಟ್ಟೆಗಳು ಹಳದಿ ದೀಪದಂತೆ ಸ್ವಚ್ಛವಾಗಿದ್ದವು, ಅವು ಬರಿದು. ಒಂದರಲ್ಲಿ ಕೆಂಪು ಉಂಗುರ ಮಾತ್ರ. ಜೀವ ಹುಟ್ಟಿ ಆಗಲೇ ಅಳಿದಿತ್ತು. ಉಳಿದ ಎಂಟರಲ್ಲಿ ಜೇಡರ ಬಲೆಯಂತೆ ಹಬ್ಬಿದ ರಕ್ತನಾಳಗಳು, ನಡುವೆ ಅಲುಗಾಡುವ ಕಪ್ಪು ಚುಕ್ಕೆ! ಗ್ರೀಸಿನ ಅರಿಸ್ಟಾಟಲನು ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಕಾವಿನ ಮೊಟ್ಟೆಗಳನ್ನು ಒಡೆದು, ರಕ್ತದ ಬಿಂದುವಿನಂತೆ ಮಿಡಿಯುವ ಹೃದಯವನ್ನು ವರ್ಣಿಸಿದ್ದಾನೆ. ನಮಗೆ ಟಾರ್ಚು ಇದ್ದುದರಿಂದ ಒಡೆಯುವ ಪ್ರಮೇಯ ಬರಲಿಲ್ಲ.

ಹನ್ನೊಂದನೆಯ ರಾತ್ರಿ ಓಣಿಯ ವಿದ್ಯುತ್ತು ಹೋಗಿ ನಾಲ್ಕು ಗಂಟೆ ಬರಲಿಲ್ಲ. ಬಿಸಿನೀರು ತುಂಬಿದ ಬಾಟಲಿಗಳಿಗೆ ಬಟ್ಟೆ ಸುತ್ತಿ ಒಳಗಿಟ್ಟು, ಗಾಳಿಯ ರಂಧ್ರಗಳನ್ನು ಬಿಟ್ಟು ಪೆಟ್ಟಿಗೆಗೆ ಕಂಬಳಿ ಹೊದಿಸಿದೆವು. ಮಾಪಕ 31ಕ್ಕೆ ಇಳಿಯಿತು. ಅವ್ವ ಮಾತ್ರ ಗಾಬರಿಗೊಳ್ಳದೆ, ಕೋಳಿಯೂ ಮೇಯಲು ಎದ್ದು ಹೋಗುವುದಿಲ್ಲವೇ ಎಂದರು. ಅವರ ಮಾತಿನಲ್ಲಿ ತಥ್ಯವಿದೆ: ಕೆಲವು ಗಂಟೆಗಳ ತಂಪನ್ನು ಮೊಟ್ಟೆ ತಾಳಿಕೊಳ್ಳುತ್ತದೆ, ಅಧಿಕ ಬಿಸಿಯನ್ನು ತಾಳದು. ಹದಿನಾಲ್ಕನೆಯ ದಿನ ನೋಡಿದಾಗ ಏಳು ಬದುಕಿದ್ದವು.

ತೇವದ ಲೆಕ್ಕಕ್ಕೆ ತಕ್ಕಡಿಯೂ ಸಾಕ್ಷಿ. ಚಿಪ್ಪಿನ ಮೂಲಕ ನೀರು ಆರಿ, ಹದಿನೆಂಟು ದಿನಗಳಲ್ಲಿ ಮೊಟ್ಟೆಯ ತೂಕ ನೂರಕ್ಕೆ ಹನ್ನೆರಡರಷ್ಟು ಇಳಿಯಬೇಕು. ನಲವತ್ತು ಗ್ರಾಮಿನ ಮೊಟ್ಟೆ ಸುಮಾರು ಐದು ಗ್ರಾಂ ಕಳೆದುಕೊಳ್ಳಬೇಕು. ಇದಕ್ಕಾಗಿ ಅಲ್ಲಿಯವರೆಗೆ ತೇವವನ್ನು 50ರ ಆಸುಪಾಸಿನಲ್ಲಿಟ್ಟು, ಜನವರಿ 24ರಂದು ಹೊರಳಿಸುವುದನ್ನು ನಿಲ್ಲಿಸಿ, ಇನ್ನೊಂದು ಬಟ್ಟಲು ನೀರಿಟ್ಟು 68ಕ್ಕೆ ಏರಿಸಿದೆವು. ಇನ್ನು ಮುಚ್ಚಳ ತೆರೆಯಕೂಡದು.

26ರ ಬೆಳಿಗ್ಗೆ ಧ್ವಜವಂದನೆಗೆ ಹೊರಡುವಾಗ ಒಂದು ಚಿಪ್ಪಿನ ಮೇಲೆ ನಕ್ಷತ್ರದಂತಹ ಬಿರುಕು ಕಂಡಿತು. ಮರಿಯ ಕೊಕ್ಕಿನ ತುದಿಯಲ್ಲಿರುವ ಪುಟ್ಟ ಮುಳ್ಳಿನ ಕೆಲಸವಿದು. ಬಿರುಕು ಬಿಟ್ಟ ಮೇಲೆ ಮರಿ ಹನ್ನೆರಡು ಗಂಟೆಯೋ ಇಡೀ ದಿನವೋ ಸುಮ್ಮನಿರುವುದುಂಟು. ದಣಿದುದಲ್ಲ, ಪೊರೆಯ ನಾಳಗಳ ರಕ್ತವನ್ನೂ ಉಳಿದ ಹಳದಿಯನ್ನೂ ಒಡಲಿಗೆ ಸೆಳೆದುಕೊಳ್ಳುತ್ತಿರುತ್ತದೆ. ಆಗ ಚಿಪ್ಪು ಬಿಡಿಸಿ ಉಪಕಾರ ಮಾಡಹೋದರೆ ರಕ್ತ ಸುರಿದು ಸಾಯುತ್ತದೆ.

27ರ ಮುಂಜಾನೆ ಐದಕ್ಕೆ ಮೊದಲನೆಯದು ಹೊರಬಂದಿತು; ಮಧ್ಯಾಹ್ನದ ಹೊತ್ತಿಗೆ ಐದು, ಸಂಜೆಗೆ ಆರು. ನೋಡಲು ಬಂದವರ ಕೈಗೆ ಕೊಡುವ ಆಸೆಯಿಂದ ನಾವು ಎರಡು ಸಲ ಮುಚ್ಚಳ ತೆರೆದು, ಆರಿದ ಮರಿಗಳನ್ನು ಎತ್ತಿದೆವು. ತೇವ 68ರಿಂದ 40ಕ್ಕೆ ಬಿದ್ದಿತು. ಆಗಷ್ಟೇ ಬಿರುಕು ಬಿಟ್ಟಿದ್ದ ಏಳನೆಯ ಮೊಟ್ಟೆಯಲ್ಲಿ ಪೊರೆ ಒಣಗಿ ಕಾಗದದಂತೆ ಮರಿಯನ್ನು ಬಿಗಿಯಿತು. ರಾತ್ರಿಯೆಲ್ಲ ಅದರ ದನಿ ಕೇಳುತ್ತಿತ್ತು. 28ರ ಬೆಳಿಗ್ಗೆ ಕೇಳಲಿಲ್ಲ. ಅವಸರ ನಮ್ಮದು. ಹುಡುಗಿಯ ದಿನಚರಿಯಲ್ಲಿ ಅದು ಹಾಗೆಯೇ ದಾಖಲಾಗಿದೆ. ತಿದ್ದಲು ನಾವು ಹೇಳಲಿಲ್ಲ.

ಹುಟ್ಟಿದ ಮರಿಗೆ ಒಳಗಿನ ಹಳದಿಯೇ ಎರಡು ದಿನದ ಬುತ್ತಿ. ಅನಂತರ ನುಚ್ಚು, ಮುಳುಗದಂತೆ ಬೆಣಚುಕಲ್ಲು ಹಾಕಿದ ತಟ್ಟೆಯಲ್ಲಿ ನೀರು, ಮೊದಲ ವಾರ 35 ಡಿಗ್ರಿಯ ಬೆಚ್ಚಗಿನ ಮೂಲೆ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಕಡಿಮೆ. ಏಳನೆಯ ದಿನ ಪಶುವೈದ್ಯರಿಂದ ರಾಣಿಖೇತ್ ರೋಗದ ಲಸಿಕೆಯ ಹನಿ ಹಾಕಿಸಿದೆವು. ತಿಂಗಳಾದ ಮೇಲೆ ಆರನ್ನೂ ಅವ್ವನ ಅಂಗಳಕ್ಕೆ ಒಪ್ಪಿಸಿದೆವು. ಅವರು ಎರಡು ಸಲ ಎಣಿಸಿ, ತಮ್ಮ ಹೇಟೆಯಾಗಿದ್ದರೆ ಎಂಟು ಮಾಡುತ್ತಿತ್ತು ಎಂದರು. ಇದ್ದರೂ ಇರಬಹುದು.

ತರಗತಿಯ ಎರಡನೆಯ ಪ್ರಶ್ನೆ ಬಾಕಿಯಿತ್ತಷ್ಟೆ. ಇದನ್ನು ಬರೆಯುತ್ತಿರುವ ನವೆಂಬರಿನಲ್ಲಿ, ತಾಯಿಯ ರೆಕ್ಕೆಯನ್ನೇ ಕಾಣದ ಆ ಆರರಲ್ಲೊಂದು ಹೇಟೆ, ಯಾರೂ ಕಲಿಸದೆ, ತೌಡಿನ ಬುಟ್ಟಿಯಲ್ಲಿ ಒಂಬತ್ತು ಮೊಟ್ಟೆಗಳ ಮೇಲೆ ಕುಳಿತಿದೆ. ಹತ್ತಿರ ಹೋದರೆ ಗರಿ ಕೆದರಿ ಕುಕ್ಕುತ್ತದೆ. ಇನ್ನೂ ಹದಿಮೂರು ದಿನಗಳಿವೆ.